ಹತ್ತನಾವಧಿಯೊಳಗೆ ಟಯರ್: ಕಾಸರಗೋಡಿನ ಮಳೆಗೆ ಕಾರಿನ ಟಯರ್ ಆರಿಸುವುದು ಹೇಗೆ?

ಪ್ರತಿ ವರ್ಷ ಮೇ ತಿಂಗಳು ಬಂತೆಂದರೆ ಅದೇ ಪ್ರಶ್ನೆ. "ಮಗ ಜರ್ಮನಿಯಲ್ಲಿದ್ದಾನೆ. ಅಲ್ಲಿ ಚಳಿಗಾಲಕ್ಕೆ ಬೇರೆಯೇ ಟಯರ್ ಹಾಕ್ತಾರಂತೆ. ನಮಗೂ ಮಳೆಗಾಲಕ್ಕೆ ಅಂಥದ್ದೇನಾದರೂ ಉಂಟಾ?" ಕೆಲವರಂತೂ ನೇರವಾಗಿ, "ವಿಂಟರ್ ಟಯರ್ ಕಾಸರಗೋಡಿನಲ್ಲಿ ಎಲ್ಲಿ ಸಿಗ್ತದೆ?" ಎಂದೇ ಕೇಳುತ್ತಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಯಿತು. ಒಮ್ಮೆ ಸರಿಯಾಗಿ ಬರೆದಿಡುತ್ತೇನೆ.

ಮೊದಲು ವಿಂಟರ್ ಟಯರಿನ ಮಾತು ಮುಗಿಸೋಣ. ನಮಗೆ ಅದು ಬೇಡ. ಚಳಿ ಸುಮಾರು 7 ಡಿಗ್ರಿಗಿಂತ ಕೆಳಗೆ ಇಳಿದರೆ ಸಾಮಾನ್ಯ ಟಯರಿನ ರಬ್ಬರು ಬಿರುಸಾಗುತ್ತದೆ, ಹಿಡಿತ ಕಳೆದುಕೊಳ್ಳುತ್ತದೆ. ಅದಕ್ಕೇ ಹಿಮ ಬೀಳುವ ದೇಶದವರು ಚಳಿಯಲ್ಲೂ ಮೆತ್ತಗೇ ಉಳಿಯುವ ರಬ್ಬರಿನ ಟಯರ್ ಹಾಕುತ್ತಾರೆ. ಕೆನಡಾದ ಕ್ವೆಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಅದು ಕಡ್ಡಾಯ. ನಮ್ಮಲ್ಲೋ, ಜನವರಿಯ ಬೆಳಗಿನ ಜಾವಕ್ಕೂ 20 ಡಿಗ್ರಿಯ ಆಸುಪಾಸು. ಆ ಮೆತ್ತನೆ ಟಯರನ್ನು ಏಪ್ರಿಲ್ ಬಿಸಿಲಿನ ಡಾಂಬರಿನಲ್ಲಿ ಓಡಿಸಿದರೆ ಪೆನ್ಸಿಲ್ ಅಳಿಸುವ ರಬ್ಬರಿನ ಹಾಗೆ ಸವೆದು ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಬ್ರೇಕ್ ಒತ್ತಿದರೆ ಕಾರು ನಿಲ್ಲಬೇಕಾದ ಜಾಗ ದಾಟಿಯೇ ನಿಲ್ಲುತ್ತದೆ.

ಇನ್ನೊಂದು ಗೊಂದಲ ಉಂಟು. ಇಲ್ಲಿ ಮಾರುವ ಕೆಲವು ಎಸ್‌ಯುವಿ ಟಯರುಗಳ ಬದಿಯಲ್ಲಿ "ಎಂ+ಎಸ್" ಎಂದು ಬರೆದಿರುತ್ತದೆ. ಕೆಸರು ಮತ್ತು ಹಿಮ ಎಂದು ಅದರ ಅರ್ಥ. ಅದು ಕಂಪನಿ ತಾನೇ ಹಾಕಿಕೊಳ್ಳುವ ಗುರುತು, ಹಿಂದೆ ಪರೀಕ್ಷೆ ಏನೂ ಇರಬೇಕೆಂದಿಲ್ಲ. ಹಿಮದಲ್ಲಿ ಪರೀಕ್ಷೆ ಮಾಡಿ ಪಾಸಾದ ಟಯರಿಗೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಚಿತ್ರ ಇರುತ್ತದೆ. ಮಗ ಅಲ್ಲಿ ಕಾರು ತೆಗೆದುಕೊಳ್ಳುತ್ತಾನಾದರೆ ಆ ಚಿತ್ರ ನೋಡಲಿಕ್ಕೆ ಹೇಳಿ. 2024ರ ಅಕ್ಟೋಬರಿನಿಂದ ಜರ್ಮನಿಯಲ್ಲಿ ಬರೀ ಎಂ+ಎಸ್ ಇದ್ದರೆ ಚಳಿಗಾಲದ ಟಯರ್ ಎಂದು ಒಪ್ಪುವುದಿಲ್ಲ. ನಿಮಗೆ ಇಲ್ಲಿ ಎರಡೂ ಬೇಡ, ಅದಕ್ಕಾಗಿ ಹೆಚ್ಚು ದುಡ್ಡೂ ಕೊಡಬೇಡಿ.

ನಮ್ಮ ಹಿಮ ಎಂದರೆ ಮಳೆ. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಸುರಿಯುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಮಳೆಗಾಲಕ್ಕೇ ಎಂದು ಬೇರೆ ಟಯರ್ ಇಟ್ಟುಕೊಳ್ಳಬೇಕಾಗಿಲ್ಲ. ಒದ್ದೆಯಲ್ಲಿ ಚೆನ್ನಾಗಿ ಹಿಡಿಯುವ, ಸಾಕಷ್ಟು ಆಳ ಉಳಿದಿರುವ, ಹಳತಾಗದ ಟಯರ್ ಇದ್ದರೆ ವರ್ಷವಿಡೀ ಅದೇ ಸಾಕು. ಅದನ್ನು ಹಾಕಿಸುವುದು ಮಾತ್ರ ಮಳೆಗೆ ಮೊದಲು ಆಗಬೇಕು. ಮೇ 24-25ರ ಹತ್ತನಾವಧಿಗೆ ಯಕ್ಷಗಾನ ಮೇಳದವರು ಆ ವರ್ಷದ ಆಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ ನಿಮ್ಮ ಟಯರಿನ ಕೆಲಸ ಮುಗಿದಿರಲಿ. ಜೂನ್ ಮೊದಲ ವಾರ ಹೋದರೆ ಅಂಗಡಿ ಮುಂದೆ ಸಾಲು, ಇದ್ದದ್ದರಲ್ಲಿ ಯಾವುದೋ ಒಂದು ಹಾಕಿ ಕಳಿಸುತ್ತಾರೆ.

ಕೈಯಲ್ಲಿ ಇರಬೇಕಾದ್ದು

ಒಂದು ಬೆಂಕಿಕಡ್ಡಿ, ಮಕ್ಕಳ ಪೆಟ್ಟಿಗೆಯ ಸ್ಕೇಲು, ಮೊಬೈಲಿನ ಟಾರ್ಚು. ಗಾಳಿ ಅಳೆಯುವ ಸಣ್ಣ ಗೇಜು ಇದ್ದರೆ ಒಳ್ಳೆಯದು. ಡ್ರೈವರ್ ಬಾಗಿಲು ತೆರೆದರೆ ಕಾಣುವ ಸ್ಟಿಕ್ಕರಿನ ಫೋಟೋ ತೆಗೆದಿಟ್ಟುಕೊಳ್ಳಿ. ಟಯರಿನ ಅಳತೆ, ಹಾಕಬೇಕಾದ ಗಾಳಿ ಎರಡೂ ಅದರಲ್ಲೇ ಇರುತ್ತದೆ. ಕೆಲವು ಕಾರುಗಳಲ್ಲಿ ಅದು ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲಿರುತ್ತದೆ.

1. ಈಗ ಇರುವ ಟಯರನ್ನು ಕೂತು ನೋಡಿ

ನಿಂತು ನೋಡಿದರೆ ಗೊತ್ತಾಗುವುದಿಲ್ಲ. ಕುಕ್ಕರಗಾಲಿನಲ್ಲಿ ಕೂತು, ಟಾರ್ಚು ಹಿಡಿದು, ಟಯರಿನ ಒಳಬದಿಯನ್ನೂ ನೋಡಿ. ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಂತ ಕೋನ, ತಪ್ಪಿದ ಕಾರಿನಲ್ಲಿ ಒಳಬದಿಯೇ ಮೊದಲು ಸವೆಯುತ್ತದೆ. ಹೊರಗಿನಿಂದ ನೋಡಿದರೆ ಟಯರ್ ಚೆನ್ನಾಗಿಯೇ ಕಾಣುತ್ತದೆ.

ಟಯರಿನ ಮೇಲೆ ಸುತ್ತಲೂ ಓಡುವ ಆಳದ ಗೀರುಗಳು ಉಂಟಲ್ಲ, ಅವು ಅಂದಕ್ಕಲ್ಲ. ಅಡಿಕೆ ತೋಟದಲ್ಲಿ ಮಳೆನೀರು ಹರಿದುಹೋಗಲು ತೋಡಿದ ಕಣಿ ಏನು ಕೆಲಸ ಮಾಡುತ್ತದೋ ಇವೂ ಅದನ್ನೇ ಮಾಡುವುದು. ಕಣಿಯಲ್ಲಿ ಸೋಗೆ, ಮಣ್ಣು ತುಂಬಿದರೆ ಆಟಿಯ ಮಳೆಗೆ ಬುಡದಲ್ಲೇ ನೀರು ನಿಲ್ಲುತ್ತದೆ. ಟಯರಿನ ಕಣಿ ಸವೆದು ಆಳ ಇಲ್ಲವಾದರೂ ಹಾಗೇ. ರಸ್ತೆಯ ನೀರಿಗೆ ಹೋಗಲು ದಾರಿ ಇರುವುದಿಲ್ಲ, ರಬ್ಬರಿನ ಅಡಿಯಲ್ಲೇ ಉಳಿಯುತ್ತದೆ. ವೇಗ ಜಾಸ್ತಿ ಇದ್ದರೆ ಕಾರು ರಸ್ತೆ ಬಿಟ್ಟು ನೀರಿನ ಮೇಲೆ ಏರುತ್ತದೆ. ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರಾಗುತ್ತದೆ, ಬ್ರೇಕ್ ಒತ್ತಿದರೂ ಏನೂ ಆಗುವುದಿಲ್ಲ. ಇದಕ್ಕೆ ಹೈಡ್ರೋಪ್ಲೇನಿಂಗ್ ಅನ್ನುತ್ತಾರೆ, ಅಂದರೆ ನೀರಿನ ಮೇಲೆ ತೇಲುವುದು.

ಆಳ ಅಳೆಯುವುದು ಸುಲಭ. ಬೆಂಕಿಕಡ್ಡಿಯನ್ನು ಕಣಿಗೆ ಇಳಿಸಿ, ಟಯರಿನ ಮೇಲ್ಮೈ ಮುಟ್ಟುವಲ್ಲಿ ಉಗುರಿನಿಂದ ಒತ್ತಿ ಹಿಡಿದು, ತೆಗೆದು ಸ್ಕೇಲಿಗೆ ಇಡಿ. ಒಂದು ಟಯರಿಗೆ ಮೂರು ಕಡೆ ಅಳೆಯಿರಿ: ಒಳಗೆ, ನಡುವೆ, ಹೊರಗೆ. ಹೊಸ ಟಯರಿನಲ್ಲಿ ಸುಮಾರು 7-8 ಮಿ.ಮೀ. ಇರುತ್ತದೆ. ಕಣಿಯ ಅಡಿಯಲ್ಲಿ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ದಿಣ್ಣೆ ಕಾಣುತ್ತದೆ. ಅದರ ನೇರಕ್ಕೆ ಟಯರಿನ ಬದಿಯಲ್ಲಿ "ಟಿಡಬ್ಲ್ಯುಐ" ಎಂದೋ, ಸಣ್ಣ ತ್ರಿಕೋನವೋ ಇರುತ್ತದೆ. ಆ ದಿಣ್ಣೆಯ ಎತ್ತರ 1.6 ಮಿ.ಮೀ. ಮೇಲ್ಮೈ ಸವೆದು ಅದಕ್ಕೆ ಸಮವಾದರೆ ಆ ಟಯರ್ ಕಾನೂನಿನ ಪ್ರಕಾರವೂ ಮುಗಿಯಿತು. ಅಂಗಡಿಯ ಮಲಯಾಳಿ ಹುಡುಗರು "ಮೊಟ್ಟ ಟಯರ್", ಅಂದರೆ ಬೋಳು ಟಯರ್, ಅನ್ನುವುದು ಇದನ್ನೇ.

ಇಲ್ಲೇ ಹೆಚ್ಚಿನವರು ತಪ್ಪುವುದು. 1.6 ತನಕ ಓಡಿಸಬಹುದಲ್ಲ ಎಂದು ಮಳೆಗಾಲಕ್ಕೆ 2 ಮಿ.ಮೀ. ಇಟ್ಟುಕೊಂಡು ಇಳಿಯುತ್ತಾರೆ. ನನ್ನ ಲೆಕ್ಕ ಬೇರೆ. ಮೇ ತಿಂಗಳಲ್ಲಿ 3 ಮಿ.ಮೀ.ಗಿಂತ ಕಡಿಮೆ ಇದ್ದರೆ ಬದಲಾಯಿಸಿ. 3ರಿಂದ 4 ಇದ್ದು ನಿಮ್ಮ ಓಡಾಟ ಜಾಸ್ತಿ ಇದ್ದರೂ ಬದಲಾಯಿಸಿ, ಯಾಕೆಂದರೆ ಆಗಸ್ಟ್ ಹೊತ್ತಿಗೆ ಅದು ಇನ್ನಷ್ಟು ಸವೆದಿರುತ್ತದೆ.

ಆಳ ಇದ್ದರೂ ಟಯರ್ ಕೆಟ್ಟಿರಬಹುದು. ನಮ್ಮ ಜಿಲ್ಲೆಯಲ್ಲಿ ಇದು ವಿಶೇಷವಾಗಿ ಉಂಟು. ಮನೆಯವರು ಗಲ್ಫಿನಲ್ಲಿ, ಕಾರು ಪೋರ್ಚಿನಲ್ಲಿ. ವರ್ಷಕ್ಕೆ ಒಂದೂವರೆ ತಿಂಗಳು ಓಡುತ್ತದೆ. ಆರು ವರ್ಷವಾದರೂ ಕಣಿ ಹೊಸದರ ಹಾಗೇ ಇರುತ್ತದೆ. ಆದರೆ ರಬ್ಬರು ಒಣಗಿರುತ್ತದೆ. ಬದಿಯನ್ನು ಸ್ವಲ್ಪ ಒತ್ತಿ ನೋಡಿ, ಕೂದಲೆಳೆಯಂಥ ಬಿರುಕು ತೆರೆದುಕೊಳ್ಳುತ್ತದೆ. ಒದ್ದೆ ರಸ್ತೆಯಲ್ಲಿ ಅದು ಪ್ಲಾಸ್ಟಿಕ್ಕಿನ ಹಾಗೆ ಜಾರುತ್ತದೆ. ಟಯರಿಗೆ 5 ವರ್ಷ ದಾಟಿದರೆ ಪ್ರತಿ ವರ್ಷ ತಿಳಿದವರಿಗೆ ತೋರಿಸಿ. 10 ವರ್ಷ ಆದರೆ ನೋಡಲಿಕ್ಕೇ ಹೋಗಬೇಡಿ, ತೆಗೆದುಬಿಡಿ. ಸ್ಟೆಪ್ನಿಗೂ ಇದೇ ಲೆಕ್ಕ.

ಬದಿಯಲ್ಲಿ ಎಲ್ಲಾದರೂ ನಿಂಬೆಹಣ್ಣಿನ ಹಾಗೆ ಉಬ್ಬಿದೆಯಾ? ಗುಂಡಿಗೆ ಬಿದ್ದೋ, ಮುರಕಲ್ಲಿನ ಅಂಚಿಗೆ ಬಡಿದೋ ಒಳಗಿನ ದಾರ ಕಡಿದಿದೆ ಎಂದು ಅರ್ಥ. ಅದನ್ನು ಯಾರೂ ಸರಿ ಮಾಡಲಾರರು. ಅಂಥ ಟಯರಿನಲ್ಲಿ ತಲಪಾಡಿ ಗಡಿ ದಾಟುವ ಧೈರ್ಯ ಮಾಡಬೇಡಿ.

2. ನಿಮ್ಮ ದಾರಿ ಯಾವುದು ಎಂದು ಬರೆದುಕೊಳ್ಳಿ

"ಒಳ್ಳೆ ಟಯರ್ ಯಾವುದು?" ಎಂದು ಕೇಳುವ ಮೊದಲು "ನಾನು ಓಡುವುದು ಎಲ್ಲಿ?" ಎಂದು ಕೇಳಿಕೊಳ್ಳಬೇಕು. ನಮ್ಮ ಜಿಲ್ಲೆಯಲ್ಲಿ ಮೂರು ತರದವರು ಸಿಗುತ್ತಾರೆ.

ಮೊದಲನೆಯವರು ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯಿಂದ ಆಸ್ಪತ್ರೆ, ಕಾಲೇಜು, ಕೆಲಸ ಎಂದು ಮಂಗಳೂರಿಗೆ ಓಡುವವರು. ಇವರಿಗೆ ಈಗ ಹೊಸ ಅಪಾಯ ಬಂದಿದೆ. ಹಿಂದೆ ಹೆದ್ದಾರಿಯಲ್ಲಿ ಹೊಂಡ ತಪ್ಪಿಸುವುದರಲ್ಲೇ 50 ದಾಟುತ್ತಿರಲಿಲ್ಲ. ಈಗ ತಲಪಾಡಿಯಿಂದ ಚೆಂಗಳದ ಕಡೆಗೆ ಆರು ಪಥ, ಕಾಲು ತಾನಾಗಿ ಒತ್ತುತ್ತದೆ. ನೀರಿನ ಮೇಲೆ ತೇಲುವುದು ವೇಗ ಇದ್ದಾಗಲೇ. ಹಳೆ ರಸ್ತೆಯಲ್ಲಿ ನಡೆದುಹೋಗುತ್ತಿದ್ದ ಸವೆದ ಟಯರ್ ಹೊಸ ರಸ್ತೆಯಲ್ಲಿ ನಡೆಯುವುದಿಲ್ಲ. ಇವರು ಕಣಿಗಳು ಅಗಲವಾಗಿ, ನೇರವಾಗಿ ಇರುವ, ಒದ್ದೆ ಹಿಡಿತ ಚೆನ್ನಾಗಿರುವ ಟೂರಿಂಗ್ ಟಯರ್ ನೋಡಬೇಕು. ಟೂರಿಂಗ್ ಎಂದರೆ ಡಾಂಬರು ರಸ್ತೆಯ ದೂರದ ಓಡಾಟಕ್ಕೆ ಮಾಡಿದ್ದು.

ಎರಡನೆಯವರು ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಅಡೂರು, ಬಂದಡ್ಕದವರು. ಇವರಲ್ಲೇ ಜಾಸ್ತಿ ಓದುಗರು ನನಗೆ. ಚೆರ್ಕಳ-ಜಾಲ್ಸೂರು ರಸ್ತೆಯ ತಿರುವು, ಚಡಾವು, ಮರದಡಿಯಲ್ಲಿ ಕೊಳೆತ ಎಲೆ, ಗುಡ್ಡೆಯಿಂದ ಹರಿದು ಬರುವ ಕೆಂಪು ನೀರು. ಕೊನೆಗೆ ಮನೆಗೆ ಹೋಗುವ ಅರ್ಧ ಕಿಲೋಮೀಟರ್ ಮಣ್ಣಿನ ದಾರಿ. ಅರ್ಧ ಕಿಲೋಮೀಟರ್ ಮಣ್ಣಿಗೆ ಹೆದರಿ ಕಚ್ಚು-ಕಚ್ಚಾದ ದಪ್ಪ ಟಯರ್ ಹಾಕಿಸಬೇಡಿ. ಉಳಿದ 30 ಕಿಲೋಮೀಟರ್ ಡಾಂಬರೇ ತಾನೇ? ಇವರಿಗೂ ಟೂರಿಂಗ್ ಟಯರೇ ಸರಿ. ಆದರೆ ಬದಿ ಗಟ್ಟಿಯಾಗಿರಬೇಕು, ಟಯರಿನ ಎತ್ತರ ಕಡಿಮೆಯಾಗಬಾರದು. ಯಾಕೆಂದು ಮೂರನೇ ಹಂತದಲ್ಲಿ ಹೇಳುತ್ತೇನೆ.

ಮೂರನೆಯವರು ಪಾಣತ್ತೂರು, ರಾಣಿಪುರಂ ಕಡೆಯ ಗುಡ್ಡೆ ತೋಟಕ್ಕೆ ದಿನಾ ಜೀಪು, ಎಸ್‌ಯುವಿ ಹತ್ತಿಸುವವರು. ಇವರಿಗೆ ಮಾತ್ರ ಆಲ್ ಟೆರೇನ್ ಟಯರ್, ಅಂದರೆ ದೊಡ್ಡ ದೊಡ್ಡ ಕಟ್ಟೆಗಳಿರುವ, ಕೆಸರು ಕಚ್ಚುವ ಟಯರ್. ಅದು ಡಾಂಬರಿನಲ್ಲಿ ಗುಂಯ್ ಎನ್ನುತ್ತದೆ, ಒದ್ದೆ ಡಾಂಬರಿನಲ್ಲಿ ಬ್ರೇಕ್ ಸ್ವಲ್ಪ ತಡವಾಗಿ ಹಿಡಿಯುತ್ತದೆ, ಡೀಸೆಲ್ಲೂ ಸ್ವಲ್ಪ ಜಾಸ್ತಿ ಕುಡಿಯುತ್ತದೆ. ಇಷ್ಟು ಗೊತ್ತಿದ್ದು ಹಾಕಿಸುವುದಾದರೆ ಹಾಕಿಸಿ. ಚಂದ ಕಾಣುತ್ತದೆಂದು ಹಾಕಿಸುವವರಿಗೆ ನನ್ನ ಹತ್ತಿರ ಸಲಹೆ ಇಲ್ಲ.

3. ಬದಿಯ ಅಂಕಿಗಳನ್ನು ಓದಲು ಕಲಿಯಿರಿ

ಟಯರಿನ ಬದಿಯಲ್ಲಿ "185/65 ಆರ್15 88ಎಚ್" ಎಂದಿದೆ ಎಂದಿಟ್ಟುಕೊಳ್ಳಿ. 185 ಎಂದರೆ ಟಯರಿನ ಅಗಲ, ಮಿ.ಮೀ.ನಲ್ಲಿ. 65 ಎಂದರೆ ಬದಿಯ ಎತ್ತರ ಆ ಅಗಲದ ನೂರಕ್ಕೆ 65ರಷ್ಟು. ಆರ್ ಎಂದರೆ ರೇಡಿಯಲ್, ಒಳಗಿನ ದಾರ ಹೆಣೆದ ರೀತಿ. ಈಗ ಕಾರಿಗೆ ಬರುವುದು ಅದೇ. 15 ಎಂದರೆ ರಿಮ್ಮಿನ ಅಳತೆ, ಇಂಚಿನಲ್ಲಿ.

ಕೊನೆಯ ಎರಡನ್ನು ಯಾರೂ ನೋಡುವುದಿಲ್ಲ. 88 ಎಂದರೆ ಒಂದು ಟಯರ್ ಹೊರಬಹುದಾದ ಭಾರದ ಸಂಕೇತ: 88ಕ್ಕೆ 560 ಕೆ.ಜಿ., 85ಕ್ಕೆ 515, 82ಕ್ಕೆ 475. ಎಚ್ ಎಂದರೆ ವೇಗದ ಮಿತಿ, ಗಂಟೆಗೆ 210 ಕಿ.ಮೀ. ಟಿ ಇದ್ದರೆ 190, ಎಸ್ ಇದ್ದರೆ 180. ಅಷ್ಟು ವೇಗದಲ್ಲಿ ಯಾರೂ ಹೋಗುವುದಿಲ್ಲ ಬಿಡಿ. ಆದರೆ ಸ್ಟಿಕ್ಕರಿನಲ್ಲಿ ಇರುವುದಕ್ಕಿಂತ ಕಡಿಮೆ ಭಾರದ, ಕಡಿಮೆ ವೇಗದ ಟಯರ್ ಹಾಕಿಸಬೇಡಿ. ಐದು ಜನ ಕೂತು, ಡಿಕ್ಕಿಯಲ್ಲಿ ಎರಡು ಗೋಣಿ ಅಡಿಕೆ ಹಾಕುವ ಕಾರುಗಳು ನಮ್ಮವು.

ಇನ್ನು ದಪ್ಪ ಟಯರಿನ ಹುಚ್ಚು. "ಅಗಲ ಜಾಸ್ತಿ ಇದ್ದರೆ ಹಿಡಿತ ಜಾಸ್ತಿ" ಎಂದು ಅಂಗಡಿಯಲ್ಲೂ ಹೇಳುತ್ತಾರೆ. ಒಣ ರಸ್ತೆಯಲ್ಲಿ ಅದು ಸ್ವಲ್ಪ ನಿಜ. ನೀರು ನಿಂತ ರಸ್ತೆಯಲ್ಲಿ ಉಲ್ಟಾ. ಅಗಲ ಜಾಸ್ತಿಯಾದಷ್ಟೂ ಟಯರ್ ಪಕ್ಕಕ್ಕೆ ತಳ್ಳಬೇಕಾದ ನೀರು ಜಾಸ್ತಿ, ಅದೇ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ, ಬೇಗ ತೇಲುತ್ತದೆ. ಅಗಲದ ಮಾತು ಹಾಗಿರಲಿ. ದೊಡ್ಡ ರಿಮ್ಮು ಹಾಕಿ ತೆಳು ಟಯರ್ ಹಾಕಿಸಿದರೆ ಗುಂಡಿಯ ಪೆಟ್ಟು ನೇರ ರಿಮ್ಮಿಗೇ. ಬದಿಯ ಎತ್ತರ ಇದ್ದರೆ ಅದು ಪೆಟ್ಟು ನುಂಗಿಕೊಳ್ಳುತ್ತದೆ.

ಕಂಪನಿ ಕೊಟ್ಟ ಅಳತೆಯೇ ಒಳ್ಳೆಯದು. ಅದು ಸಿಗದೆ ಬದಲಾಯಿಸಲೇಬೇಕಾದರೆ ಟಯರಿನ ಒಟ್ಟು ಎತ್ತರ ನೂರಕ್ಕೆ ಮೂರಕ್ಕಿಂತ ಹೆಚ್ಚು ಬದಲಾಗಬಾರದು. ಲೆಕ್ಕ ಹೀಗೆ. 165/80 ಆರ್14 ಟಯರಿನ ಬದಿ 165ರ 80 ಶೇಕಡಾ, ಅಂದರೆ 132 ಮಿ.ಮೀ. ಮೇಲೆ ಕೆಳಗೆ ಸೇರಿ 264. ರಿಮ್ಮು 14 ಇಂಚು, ಅಂದರೆ 355.6 ಮಿ.ಮೀ. ಒಟ್ಟು 619.6. ಇದರ ಬದಲು 185/70 ಆರ್14 ಹಾಕಿದರೆ 614.6 ಬರುತ್ತದೆ. ನೂರಕ್ಕೆ ಒಂದೂ ವ್ಯತ್ಯಾಸ ಇಲ್ಲ. 175/65 ಆರ್14 ಹಾಕಿದರೆ 583.1. ಇದು ಆಗದು. ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ, ಕಾರು ನೆಲಕ್ಕೆ ಹತ್ತಿರವಾಗುತ್ತದೆ, ನಮ್ಮ ಮಣ್ಣು ದಾರಿಯಲ್ಲಿ ಅಡಿ ಕೆರೆಯುತ್ತದೆ. ಎತ್ತರ ಸರಿ ಬಂದರೂ ಆ ಅಗಲದ ಟಯರ್ ನಿಮ್ಮ ರಿಮ್ಮಿನ ಅಗಲಕ್ಕೆ ಕೂರುತ್ತದಾ ಎಂದು ಕೇಳಿಕೊಳ್ಳಿ.

4. ಒದ್ದೆ ಹಿಡಿತವನ್ನು ಗುರುತಿಸಿ

ಅಂಗಡಿಯಲ್ಲಿ ಗೋಡೆ ತುಂಬ ಟಯರ್. ಎಲ್ಲವೂ ಕಪ್ಪು, ಎಲ್ಲವೂ ದುಂಡು. ಮಳೆಗೆ ಯಾವುದು?

ಮೊದಲು ಮುಖ ನೋಡಿ. ಸುತ್ತಲೂ ಓಡುವ ಅಗಲ ಕಣಿ ಮೂರೋ ನಾಲ್ಕೋ ಇರಬೇಕು. ಅವುಗಳಿಂದ ಬದಿಗೆ ನೀರು ಹೋಗಲು ಓರೆ ಗೀರುಗಳಿರಬೇಕು. ರಬ್ಬರಿನ ಕಟ್ಟೆಗಳ ಮೇಲೆ ಬ್ಲೇಡಿನಲ್ಲಿ ಸೀಳಿದಂಥ ಸಣ್ಣ ಗೆರೆಗಳಿಗೆ ಸೈಪ್ ಅನ್ನುತ್ತಾರೆ. ರಸ್ತೆಗೆ ಅಂಟಿದ ಕೊನೆಯ ನೀರಿನ ಪದರವನ್ನು ಅವು ಒರೆಸಿ ತೆಗೆಯುತ್ತವೆ.

ವಿನ್ಯಾಸದಲ್ಲಿ ಮೂರು ಬಗೆ. ಎಡ-ಬಲ ಒಂದೇ ತರ ಇರುವುದು ಸಾಮಾನ್ಯ, ಅಗ್ಗ. ಬಾಣದ ಹಾಗೆ ಎಲ್ಲ ಗೀರೂ ಒಂದೇ ದಿಕ್ಕಿಗೆ ಇರುವುದು ನೀರು ಹೊರಹಾಕುವುದರಲ್ಲಿ ಗಟ್ಟಿಗ. ಆದರೆ ಅದು ತಿರುಗಬೇಕಾದ ದಿಕ್ಕನ್ನು ಬದಿಯಲ್ಲಿ ಬಾಣದಿಂದ ತೋರಿಸಿರುತ್ತಾರೆ, ಉಲ್ಟಾ ಹಾಕಿದರೆ ಕೆಲಸ ಮಾಡುವುದಿಲ್ಲ. ಒಳಬದಿ ಒಂದು ತರ, ಹೊರಬದಿ ಇನ್ನೊಂದು ತರ ಇರುವುದು ಮೂರನೆಯದು. ಅದರಲ್ಲಿ ಹೊರಬದಿ, ಒಳಬದಿ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ತಿರುವು ಜಾಸ್ತಿ ಇರುವ ಕಡೆಗೆ ನನಗೆ ಇದೇ ಇಷ್ಟ.

ಕಣ್ಣಿಗೆ ಕಾಣದ್ದು ರಬ್ಬರಿನ ಪಾಕ. ನಮ್ಮಲ್ಲಿ ಶೀಟು ಮಾಡಿ ಹೊಗೆ ಹಾಕಿ ಮಾರುವ ಆರ್‌ಎಸ್‌ಎಸ್-4 ದರ್ಜೆಯ ರಬ್ಬರು ಹೋಗುವುದು ಹೆಚ್ಚಾಗಿ ಟಯರ್ ಕಂಪನಿಗಳಿಗೇ. ಆದರೆ ಕಾರು ಟಯರಿನ ಮೈಗೆ ಬರೀ ಅದೇ ಸಾಲದು. ಕೃತಕ ರಬ್ಬರು, ಇಂಗಾಲದ ಕಪ್ಪು ಪುಡಿ, ಸಿಲಿಕಾ ಎಲ್ಲ ಸೇರಬೇಕು. ಒದ್ದೆ ಹಿಡಿತ ಹೆಚ್ಚಿಸುವುದು ಮುಖ್ಯವಾಗಿ ಈ ಸಿಲಿಕಾ. ಕಂಪನಿಯ ಪತ್ರಕದಲ್ಲಿ ಸಿಲಿಕಾ ಎಂದು ಬರೆದಿದ್ದರೆ ಒಳ್ಳೆಯ ಲಕ್ಷಣ.

ಇನ್ನು ಅಂಕಗಳು. ಕೆಲವು ಟಯರುಗಳ ಬದಿಯಲ್ಲಿ "ಟ್ರೆಡ್‌ವೇರ್ 400, ಟ್ರ್ಯಾಕ್ಷನ್ ಎ, ಟೆಂಪರೇಚರ್ ಎ" ಎಂಬಂತೆ ಅಮೆರಿಕದ ಪದ್ಧತಿಯ ಅಂಕ ಇರುತ್ತದೆ. ಇದರಲ್ಲಿ ಟ್ರ್ಯಾಕ್ಷನ್ ಎನ್ನುವುದು ಒದ್ದೆ ರಸ್ತೆಯಲ್ಲಿ ನೇರವಾಗಿ ಬ್ರೇಕ್ ಹಾಕಿದಾಗಿನ ಹಿಡಿತ. ಎಎ ಎಲ್ಲಕ್ಕಿಂತ ಮೇಲು, ಆಮೇಲೆ ಎ, ಬಿ, ಸಿ. ಎ ಗಿಂತ ಕೆಳಗಿನದ್ದು ನಮಗೆ ಬೇಡ. ಟ್ರೆಡ್‌ವೇರ್ ಅಂಕ ಹೆಚ್ಚಿದ್ದಷ್ಟೂ ಟಯರ್ ಹೆಚ್ಚು ಕಾಲ ಬಾಳುತ್ತದೆ, ಆದರೆ ರಬ್ಬರು ಬಿರುಸಿರುವ ಸಾಧ್ಯತೆಯೂ ಹೆಚ್ಚು. "80 ಸಾವಿರ ಕಿಲೋಮೀಟರ್ ಓಡ್ತದೆ ಸಾರ್" ಎಂದು ಹೊಗಳಿದರೆ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ಯುರೋಪಿನ ಲೇಬಲ್ ಇರುವ ಟಯರಾದರೆ ಮಳೆ ಮೋಡದ ಚಿತ್ರದ ಪಕ್ಕದ ಅಕ್ಷರ ನೋಡಿ: ಎ ಒಳ್ಳೆಯದು, ಇ ಕೆಟ್ಟದು.

ಇಲ್ಲೊಂದು ಎಚ್ಚರಿಕೆ. ಫ್ರಿಜ್ಜಿಗೆ ಇರುವ ಹಾಗೆ ಈಗ ಟಯರಿಗೂ ನಕ್ಷತ್ರದ ಲೇಬಲ್ ಉಂಟು. ಅದು ಮುಖ್ಯವಾಗಿ ಇಂಧನ ಉಳಿತಾಯದ ಲೆಕ್ಕ. ಐದು ನಕ್ಷತ್ರ ಕಂಡ ಕೂಡಲೇ ಮಳೆಗೂ ಅದೇ ಒಳ್ಳೆಯದು ಎಂದುಕೊಳ್ಳಬೇಡಿ.

5. ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು

ಟಯರಿನ ಬದಿಯಲ್ಲಿ "ಡಿಒಟಿ" ಎಂದು ಶುರುವಾಗುವ ಸಾಲಿನ ಕೊನೆಯಲ್ಲಿ, ಅಥವಾ ಬೇರೆಯಾಗಿ ಒಂದು ಸಣ್ಣ ಚೌಕಟ್ಟಿನಲ್ಲಿ, ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2324 ಎಂದಿದ್ದರೆ 2024ರ 23ನೇ ವಾರ, ಅಂದರೆ ಜೂನ್ ಮೊದಲ ಭಾಗದಲ್ಲಿ ಮಾಡಿದ್ದು. ನಾಲ್ಕೂ ಟಯರನ್ನು ಕೆಳಗಿಳಿಸಿ, ಒಂದೊಂದರಲ್ಲೂ ನೋಡಿ. ಈ ಅಂಕಿ ಒಂದು ಬದಿಯಲ್ಲಿ ಮಾತ್ರ ಇರುವುದೂ ಉಂಟು, ಮಗುಚಿ ನೋಡಬೇಕು.

ನಾನೇ ಒಮ್ಮೆ ಬಿದ್ದಿದ್ದೇನೆ. ಪೇಟೆಯ ಒಂದು ಅಂಗಡಿಯಲ್ಲಿ ಒಳ್ಳೆ ರಿಯಾಯಿತಿ ಎಂದು ಎರಡು ಟಯರ್ ಹಾಕಿಸಿಕೊಂಡು ಬಂದೆ. ಮನೆಗೆ ಬಂದು ಕಾರು ತೊಳೆಯುವಾಗ ಅಂಕಿ ಕಂಡಿತು. ನಾಲ್ಕು ವರ್ಷ ಹಳೆಯದು. ಪ್ಲಾಸ್ಟಿಕ್ ಸುತ್ತಿ ಗೋಡೌನಿನಲ್ಲಿ ಕೂತದ್ದು. ಮರುದಿನ ಹೋದರೆ, "ಓಡಿಸಿದ್ದಲ್ವಾ, ಹೇಗೆ ತೆಗೆದುಕೊಳ್ಳುವುದು?" ಅಂದರು. ಅವರದೂ ತಪ್ಪಲ್ಲ, ನೋಡದೆ ಕೊಟ್ಟ ದುಡ್ಡು. ಆರು ತಿಂಗಳೊಳಗಿನದ್ದು ಸಿಕ್ಕಿದರೆ ಒಳ್ಳೆಯದು, ಒಂದು ವರ್ಷದ ತನಕ ಪರವಾಗಿಲ್ಲ. ಅದಕ್ಕಿಂತ ಹಳತಾದರೆ ಬೇಡ ಅನ್ನಿ.

ಐಎಸ್‌ಐ ಗುರುತು ಇರಲೇಬೇಕು. ಸೆಕೆಂಡ್ ಹ್ಯಾಂಡ್ ಟಯರ್, ಹಳೆ ಮೈಗೆ ಹೊಸ ರಬ್ಬರು ಅಂಟಿಸಿದ ರೀಸೋಲ್ ಟಯರ್ ಕಾರಿಗೆ ಬೇಡವೇ ಬೇಡ. ಒಳಗೆ ಎಷ್ಟು ಪೆಟ್ಟು ತಿಂದಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ.

ಬೆಲೆಗೆ ಗಡಿ ದಾಟಬೇಕಾ? ಇದನ್ನೂ ತುಂಬ ಜನ ಕೇಳುತ್ತಾರೆ. ಕೇರಳಕ್ಕೂ ಕರ್ನಾಟಕಕ್ಕೂ ಜಿಎಸ್‌ಟಿ ಒಂದೇ. 2025ರ ಸೆಪ್ಟೆಂಬರ್ 22ರಿಂದ ಅದು 28ರಿಂದ 18 ಶೇಕಡಾಕ್ಕೆ ಇಳಿದಿದೆ. ತೆರಿಗೆಯ ಕಾರಣಕ್ಕೆ ಮಂಗಳೂರಿಗೋ ಪುತ್ತೂರಿಗೋ ಹೋಗಬೇಕಾಗಿಲ್ಲ. ಬೇಕಾದ ಅಳತೆ, ಹೊಸ ಸ್ಟಾಕು ಅಲ್ಲೇ ಇದ್ದರೆ ಹೋಗಿ. ಬಿಲ್ಲು ಮಾತ್ರ ಬಿಡಬೇಡಿ, ವಾರಂಟಿ ನಿಂತಿರುವುದೇ ಅದರ ಮೇಲೆ.

6. ಎರಡೇ ಹೊಸತಾದರೆ ಹಿಂದಕ್ಕೆ ಹಾಕಿಸಿ

ಇದೊಂದಕ್ಕೆ ಅಂಗಡಿಯವರ ಜೊತೆ ವಾದ ಆಗಿಯೇ ಆಗುತ್ತದೆ. ನಾಲ್ಕನ್ನೂ ಒಟ್ಟಿಗೆ ಬದಲಾಯಿಸಲು ಎಲ್ಲರಿಗೂ ಆಗುವುದಿಲ್ಲ, ಎರಡು ಹಾಕಿಸುತ್ತೇವೆ. ಹುಡುಗರು ಸೀದಾ ಮುಂದಿನ ಚಕ್ರ ಬಿಚ್ಚುತ್ತಾರೆ. ಎಂಜಿನ್ ಮುಂದೆ, ಸ್ಟೇರಿಂಗ್ ಮುಂದೆ, ಹೊಸ ಟಯರೂ ಮುಂದೆಯೇ ಅಲ್ವಾ ಎಂದು ಅವರ ಲೆಕ್ಕ.

ಮಳೆಯಲ್ಲಿ ಅದು ತಪ್ಪು. ಮುಂದಿನ ಚಕ್ರ ಜಾರಿದರೆ ಕಾರು ತಿರುಗದೆ ನೇರ ಹೋಗಲು ನೋಡುತ್ತದೆ. ಸ್ಟೇರಿಂಗಿನಲ್ಲಿ ನಿಮಗೆ ಗೊತ್ತಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಹೆಚ್ಚಾಗಿ ಮತ್ತೆ ಹಿಡಿಯುತ್ತದೆ. ಹಿಂದಿನದು ಜಾರಿದರೆ ಬಾಲ ಮುಂದೆ ಬರುತ್ತದೆ, ಕಾರು ಬುಗುರಿಯ ಹಾಗೆ ಸುತ್ತುತ್ತದೆ. ಗೊತ್ತಾಗುವಷ್ಟರಲ್ಲಿ ಮುಗಿದಿರುತ್ತದೆ. ಅದಕ್ಕೇ ಆಳ ಜಾಸ್ತಿ ಇರುವ ಜೋಡಿ ಹಿಂದೆ, ಎಂಜಿನ್ ಎಲ್ಲೇ ಇರಲಿ. ಮುಂದಕ್ಕೆ ಬರುವ ಹಳೆ ಜೋಡಿಯಲ್ಲಿ 3 ಮಿ.ಮೀ. ಆದರೂ ಇರಬೇಕು. ಇಲ್ಲದಿದ್ದರೆ ನಾಲ್ಕೂ ಹೊಸದೇ ಆಗಬೇಕು. ಒಂದೇ ಸಾಲಿನಲ್ಲಿ, ಅಂದರೆ ಮುಂದಿನ ಎರಡು ಅಥವಾ ಹಿಂದಿನ ಎರಡು ಚಕ್ರಗಳಿಗೆ, ಬೇರೆ ಬೇರೆ ವಿನ್ಯಾಸ ಹಾಕಿಸಲೇಬಾರದು.

ಟಯರ್ ಹಾಕುವಾಗ ಹತ್ತಿರವೇ ನಿಲ್ಲಿ. ಬಾಣದ ದಿಕ್ಕು ಸರಿಯಿದೆಯಾ, ರಬ್ಬರಿನ ವಾಲ್ವ್ ಹೊಸದು ಹಾಕಿದ್ದಾರಾ ನೋಡಿ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಮಾಡಿಸಿ. ಬ್ಯಾಲೆನ್ಸಿಂಗ್ ಎಂದರೆ ಚಕ್ರದ ಭಾರ ಸುತ್ತಲೂ ಸಮ ಮಾಡುವುದು. ಅಲೈನ್‌ಮೆಂಟ್ ಎಂದರೆ ಚಕ್ರಗಳು ನಿಂತ ಕೋನ ಸರಿ ಮಾಡುವುದು.

7. ಗಾಳಿ

"ಮಳೆಗಾಲಕ್ಕೆ ಗಾಳಿ ಸ್ವಲ್ಪ ಕಡಿಮೆ ಇಟ್ಟರೆ ಹಿಡಿತ ಜಾಸ್ತಿ" ಎನ್ನುವ ಮಾತು ನಮ್ಮ ಕಡೆ ಬಹಳ ಹಳೆಯದು. ಕೆಸರಿನಲ್ಲಿ ಸಿಕ್ಕಿಬಿದ್ದ ಜೀಪನ್ನು ಎತ್ತಲು ಅದು ಸರಿ. ರಸ್ತೆಗೆ ತಪ್ಪು. ನೀರನ್ನು ಒತ್ತಿ ಹೊರಹಾಕಬೇಕಾದರೆ ಟಯರ್ ಬಿಗಿಯಾಗಿರಬೇಕು. ವಿಮಾನದ ಟಯರಿಗಾಗಿ ನಾಸಾದವರು 1960ರ ದಶಕದಲ್ಲಿ ಒಂದು ಸೂತ್ರ ಕಂಡುಕೊಂಡರು. ಅದರ ಪ್ರಕಾರ ಆಳ ನೀರಿನಲ್ಲಿ 30 ಪಿಎಸ್‌ಐ ಇರುವ ಟಯರ್ ಸುಮಾರು 90 ಕಿ.ಮೀ. ವೇಗದಲ್ಲಿ ತೇಲುತ್ತದೆ, 20 ಪಿಎಸ್‌ಐ ಇದ್ದರೆ 75ಕ್ಕೇ. ಪಿಎಸ್‌ಐ ಎಂದರೆ ಗಾಳಿಯ ಒತ್ತಡದ ಅಳತೆ. ಕಾರಿಗೆ ಇದೇ ಅಂಕಿ ಹಿಡಿದು ಹೋಗಬೇಡಿ, ಸವೆದ ಟಯರ್ ಇನ್ನೂ ಬೇಗ ತೇಲುತ್ತದೆ. ಗಾಳಿ ಕಡಿಮೆಯಾದರೆ ಅಪಾಯ ಯಾವ ಕಡೆಗೆ ಹೋಗುತ್ತದೆ ಎನ್ನುವುದಷ್ಟೇ ನೋಡಿ.

ಸ್ಟಿಕ್ಕರಿನಲ್ಲಿ ಇರುವಷ್ಟೇ ಹಾಕಿಸಿ. ಟಯರಿನ ಬದಿಯಲ್ಲಿ ಬರೆದ ಅತಿ ಹೆಚ್ಚಿನ ಒತ್ತಡದ ಅಂಕಿ ಬೇರೆ, ಅದನ್ನು ಹಾಕಿಸಬೇಡಿ. ಬೆಳಗ್ಗೆ ಕಾರು ತೆಗೆಯುವ ಮೊದಲು, ಟಯರ್ ತಣ್ಣಗಿರುವಾಗ ಅಳೆಯಬೇಕು. ಹದಿನೈದು ದಿನಕ್ಕೊಮ್ಮೆ ಸಾಕು, ಸ್ಟೆಪ್ನಿಯನ್ನೂ ಸೇರಿಸಿ. ನೈಟ್ರೋಜನ್ ಸುಮ್ನೆ ಕೊಟ್ಟರೆ ಹಾಕಿಸಿಕೊಳ್ಳಿ, ದುಡ್ಡು ಕೊಟ್ಟು ಬೇಡ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ನೈಟ್ರೋಜನ್ ಉಂಟು.

ಹೊಸ ಟಯರ್ ಹಾಕಿಸಿದ ಮೊದಲ 200-300 ಕಿ.ಮೀ. ನಿಧಾನ ಹೋಗಿ. ಅಚ್ಚಿನಿಂದ ತೆಗೆಯುವಾಗ ಹಾಕಿದ ಜಾರು ಪದಾರ್ಥ ಮೈಮೇಲೆ ಇರುತ್ತದೆ. ಹತ್ತನಾವಧಿಯೊಳಗೆ ಎಂದು ನಾನು ಹಟ ಹಿಡಿಯಲು ಇದೂ ಒಂದು ಕಾರಣ. ಒಣ ರಸ್ತೆಯಲ್ಲೇ ಅದು ಸವೆದು ಹೋಗಲಿ. ನಂತರ 8-10 ಸಾವಿರ ಕಿ.ಮೀ.ಗೊಮ್ಮೆ ಮುಂದಿನದು ಹಿಂದೆ, ಹಿಂದಿನದು ಮುಂದೆ ಬದಲಾಯಿಸಿದರೆ ನಾಲ್ಕೂ ಸಮವಾಗಿ ಸವೆಯುತ್ತವೆ. ಮಳೆಗೆ ಮೊದಲು ಬದಲಾಯಿಸುವುದಾದರೆ ಮಾತ್ರ ಆಳ ಅಳೆದು ನೋಡಿ, ಒಳ್ಳೆಯ ಜೋಡಿ ಹಿಂದೆ ಉಳಿಯಲಿ.

ಟಯರ್ ಮಾಡಲಾರದ ಕೆಲಸ

ರಸ್ತೆಯಿಂದ ಮನೆಗೆ ಇಳಿಯುವ ಕಾಂಕ್ರೀಟ್ ಇಳಿಜಾರು ಬಹಳ ಮನೆಗಳಿಗೆ ಉಂಟು. ಜುಲೈ ಹೊತ್ತಿಗೆ ಅದರ ಮೇಲೆ ಹಸಿರು ಹಾವಸೆ. "ಅದರಲ್ಲಿ ಜಾರದ ಟಯರ್ ಹೇಳಿ" ಎಂದರೆ ನನ್ನ ಹತ್ತಿರ ಇಲ್ಲ, ಯಾವ ಕಂಪನಿಯ ಹತ್ತಿರವೂ ಇಲ್ಲ. ಬ್ಲೀಚಿಂಗ್ ಪೌಡರ್ ಹಾಕಿ, ತಂತಿ ಬ್ರಷ್ಷಿನಲ್ಲಿ ತಿಕ್ಕಿ ತೆಗೆಯಬೇಕು. ಪೌಡರ್ ನೀರು ಬಾವಿಗೆ ಹರಿಯದ ಹಾಗೆ ನೋಡಿಕೊಳ್ಳಿ. ಹೊಸದಾಗಿ ಕಾಂಕ್ರೀಟ್ ಹಾಕಿಸುವವರು ಮೇಸ್ತ್ರಿಗೆ ಹೇಳಿ ಅಡ್ಡ ಗೀರು ಹಾಕಿಸಿಕೊಳ್ಳಿ.

ಮೊದಲ ಮಳೆಯ ಅರ್ಧ ಗಂಟೆಯೂ ಹಾಗೆಯೇ. ಬೇಸಗೆಯಲ್ಲಿ ಕೂತ ಎಣ್ಣೆ, ಧೂಳು ನೀರಿಗೆ ಸೇರಿ ರಸ್ತೆ ಸಾಬೂನಿನ ಹಾಗಿರುತ್ತದೆ. ಇನ್ನು ನೀರಿನ ಮೇಲೆ ಕಾರು ತೇಲಿದ್ದು ಗೊತ್ತಾದರೆ ಬ್ರೇಕ್ ತುಳಿಯಬೇಡಿ, ಸ್ಟೇರಿಂಗ್ ಎಳೆಯಬೇಡಿ. ಆಕ್ಸಿಲರೇಟರ್ ಮೆಲ್ಲ ಬಿಟ್ಟು, ಸ್ಟೇರಿಂಗ್ ನೇರ ಹಿಡಿದು ಕಾಯಿರಿ. ವೇಗ ಇಳಿದ ಕೂಡಲೇ ಟಯರ್ ರಸ್ತೆ ಮುಟ್ಟುತ್ತದೆ.

ಪಂಚರ್ ಆದರೆ, ತೂತು ನಡುವಿನ ಭಾಗದಲ್ಲಿದ್ದರೆ ಮಾತ್ರ ಹಾಕಿಸಿ. ಹೊರಗಿನಿಂದ ದಾರ ತುರುಕುವುದು ಆ ದಿನದ ಮಟ್ಟಿಗೆ. ಟಯರ್ ಬಿಚ್ಚಿ ಒಳಗಿನಿಂದ ಅಣಬೆ ಆಕಾರದ ಪ್ಯಾಚು ಹಾಕಿಸುವುದೇ ಸರಿ. ಬದಿಯಲ್ಲಿ ತೂತಾದರೆ ಟಯರ್ ಹೋಯಿತು.

ತೆಗೆದ ಹಳೆ ಟಯರನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ, ಕೊಟ್ಟಷ್ಟು ಕೊಡಲಿ. "ತೋಟಕ್ಕೆ ಏನಕ್ಕಾದರೂ ಆಗ್ತದೆ" ಎಂದು ಡಿಕ್ಕಿಯಲ್ಲಿ ಹಾಕಿ ತಂದು ಕೊಟ್ಟಿಗೆಯ ಹಿಂದೆ ಎಸೆದರೆ ಮಳೆನೀರು ಅದರೊಳಗೇ ನಿಲ್ಲುತ್ತದೆ, ಹೇಗೆ ಮಗುಚಿ ಇಟ್ಟರೂ ಪೂರ್ತಿ ಖಾಲಿಯಾಗುವುದಿಲ್ಲ. ಡೆಂಗಿ ಸೊಳ್ಳೆಗೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಈಗಾಗಲೇ ಮನೆ ಹಿಂದೆ ಬಿದ್ದಿದ್ದರೆ ಅದನ್ನೂ ಕಾರಿಗೆ ಹಾಕಿಕೊಂಡು ಹೋಗಿ.